ಅಲ್ಲದ ಬಿಯರ್

ಮೊದಲು ಗೊತ್ತಾದದ್ದು ಇರುವಿಗೋಳಿಗೆ.
ಡಾಕ್ಟರಿಗಿಂತ ಮೊದಲು, ರಕ್ತದ ಚೀಟಿಗಿಂತ ಮೊದಲು.
ಬಚ್ಚಲ ಮೂಲ್ಯಾಗ ಸಾಲು ಹಿಡಿದು ನಿಂತಿದ್ದುವು,
ಸವಾಲಿನ ದಿನ ಬೆಲ್ಲದ ಪೇಟ್ಯಾಗ
ಖರೀದಿದಾರರು ನಿಂತಂಗ.

ಮಹಾಲಿಂಗಪುರದಾಗ ನಲವತ್ತು ವರ್ಷ
ಇವರ ನಾಲಿಗಿಯಽ ತಕ್ಕಡಿ.
ಪೆಂಟಿ ಮೂಲಿ ಹೆಬ್ಬಟ್ಟಿಲೆ ಮುರಿದು
ಚೂರು ಬಾಯಾಗ ಇಟ್ಟು ಕಣ್ಣು ಮುಚ್ಚಿದರ
ಯಾವ ಊರ ಗಾಣ, ಸುಣ್ಣ ಎಷ್ಟು ಬಿದ್ದೈತಿ,
ಕೊಪ್ಪರಿಗಿ ಇಳಿಸೋವಾಗ ಆಳು ತೂಕಡಿಸಿದನೋ ಏನೋ
ಎಲ್ಲಾ ಹೇಳತಿದ್ದರು.
ಈಗ ಆ ನಾಲಿಗಿಗೆ ಕೆಲಸಿಲ್ಲ.
ಚಹಾ ಸಪ್ಪಗ. ಮಾತು ಸಪ್ಪಗ.
ಅಂಗಡಿ ಗಾದಿ ಮ್ಯಾಲ ಕುಂತು
ಬ್ಯಾರೆಯವರು ರುಚಿ ನೋಡೂದನ್ನ ನೋಡತಾರ.

ಸೋಮವಾರ ಸಂತಿಯಿಂದ ಅರ್ಧ ಕಿಲೋ ತಂದೆ.
"ಚೀಲದಾಗ ಏನದು, ಬೆಲ್ಲ?"
"ಬೆಲ್ಲ ಅಲ್ಲ. ಅಲ್ಲ."
ಎಷ್ಟೋ ದಿನದ ಮ್ಯಾಲ ನಕ್ಕರು.

ಸಿಪ್ಪಿ ತಗೀಬಾರದು.
ಸಿಪ್ಪಿ ಮ್ಯಾಲ ಕಣ್ಣಿಗೆ ಕಾಣದವರು ಇರತಾರ.
ತುರಿದು, ಭರಣ್ಯಾಗ ನೀರು ಹಾಕಿ, ಬಾಯಿಗೆ ಅರಿವಿ ಕಟ್ಟಿ
ಅವರಿಗೆ ದಿನಾ ಒಂದು ಚಮಚ ಬೆಲ್ಲದ ಪುಡಿ.
ಹೌದು, ಬೆಲ್ಲನಽ. ಸುಳ್ಳು ಯಾಕ ಹೇಳಲಿ.
ಆದರ ಉಣ್ಣೋರು ಅವರು.
ನಮ್ಮ ಮನಿಗೆ ಬಂದ ಸಿಹಿಯೆಲ್ಲಾ ತಾವಽ ಉಂಡು
ನಮಗ ಬರೇ ಗುಳ್ಳಿ ಬಿಟ್ಟು ಹೋಗೋರು.

ಏಳನೇ ದಿನ ಭರಣಿ ಮಾತಾಡಾಕ ಹತ್ತಿತು.
ಕಿವಿ ಹಚ್ಚಿದರ
ದೂರದ ಆಲೆಮನ್ಯಾಗ ಕಬ್ಬಿನ ಹಾಲು ಕುದ್ದಂಗ.
ಮತ್ತಷ್ಟು ಅಲ್ಲ ಕುದಿಸಿ, ಆರಿಸಿ,
ಇಂಡಿ ಲಿಂಬಿ ನಾಲ್ಕು ಹಿಂಡಿ,
ಕುಂಡ್ಯಾಗಿನ ಸಿಹಿ ತುಳಸಿ ಎರಡೆಲಿ ಜಜ್ಜಿ,
ಭರಣಿ ನೀರು ಹೆಪ್ಪು ಹಾಕಿ ಬಾಟಲಿ ತುಂಬಿದೆ.

ಬಾಜು ಮನಿ ಕಲ್ಲವ್ವಕ್ಕ ಹೊಸ್ತಿಲದಾಗಽ ನಿಂತಳು:
"ಬಿಯರಂತ? ಲಿಂಗ ಕಟ್ಟಿದ ಮನ್ಯಾಗ?"
"ಅಲ್ಲದ ಬಿಯರ್ ಅಕ್ಕಾ."
"ಅಲ್ಲದ್ದಾದರ ಬಿಯರ್ ಅಂತ ಯಾಕ ಅಂತಿ?"
ಉತ್ತರ ಹೊಳೀಲಿಲ್ಲ. ಇನ್ನೂ ಹೊಳದಿಲ್ಲ.

ಅವತ್ತು ರಾತ್ರಿ ಎರಡು ಬಾಟಲಿ ಒಡದುವು.
ಇವರು ದಿಗ್ಗನ ಎದ್ದು ಕುಂತು
"ಟೀಸಿ ಹೋತು" ಅಂದರು.
ತಲಿ ಮ್ಯಾಲ ಫ್ಯಾನು ತಿರಗತಿತ್ತು.

ಎರಡನೇದು ಹುಳಿ ಹತ್ತಿ ಬಚ್ಚಲಕ್ಕ ಹೋತು.
ಮೂರನೇದರಾಗ ಒಂದು ಬಟ್ಟಲ ಬಗ್ಗಿಸಿಕೊಂಡು
ಅಡಗಿಮನಿ ಫರಸಿ ಮ್ಯಾಲ ನಾಲ್ಕು ಹನಿ ಚೆಲ್ಲಿ
ಕುಕ್ಕರಗಾಲಿಲೆ ಕುಂತು ಕಾದೆ.
ಒಂದು ಇರುವಿ ಬಂತು.
ಮೀಸಿ ಆಡಿಸಿತು, ಹನಿ ಸುತ್ತ ಒಂದು ಸುತ್ತು ಹಾಕಿತು,
ಹಿಂದ ಬರತಿದ್ದವರಿಗೆ ಏನೋ ಹೇಳಿ
ಬಂದ ದಾರಿಲೇ ತಿರುಗಿತು.
ನನ್ನ ಕಣ್ಣಾಗ ನೀರು. ಅಲ್ಲದ ಘಾಟಿಗೆ ಇರಬೇಕು.

ಇವರ ಕೈಯಾಗ ಲೋಟ ಕೊಟ್ಟೆ.
ಒಂದು ಗುಟುಕು. ಕಣ್ಣು ಮುಚ್ಚಿದರು.
ಎರಡು ವರ್ಷದ ಮ್ಯಾಲ ಹಂಗ ಮುಚ್ಚಿದ್ದು.
"ಅಲ್ಲ ಎಳೇದು. ಲಿಂಬಿ ಅರ್ಧ ಹೋಳು ಹೆಚ್ಚು.
ನಿನ್ನೆ ಒಂದು ಸರ್ತಿ ಮುಚ್ಚಳ ಸಡಲ ಮಾಡಿದ್ದಿ."
ಮಾಡಿದ್ದೆ. ಒಡದೀತು ಅಂತ ಅಂಜಿ.

ಆಮ್ಯಾಲ ಹೆಗಲ ಮ್ಯಾಲಿನ ಟವೆಲ್ ತಗದು
ನನ್ನ ಕೈ ಮ್ಯಾಲ ಹಾಸಿ
ಅದರ ತಳಗ ತಮ್ಮ ಕೈ ತಂದರು.
ಪೇಟ್ಯಾಗ ಹಿಂದಕ ಹಂಗಽ ರೇಟು ಹೇಳತಿದ್ದರಂತ,
ಮಂದಿ ಕಣ್ಣಿಗೆ ಬೀಳದಂಗ, ಬೆರಳು ಹಿಡಿದು.
ಮೂವತ್ತಾರು ವರ್ಷದ ಸಂಸಾರದಾಗ
ಆ ಟವೆಲ್ಲಿನ ತಳಗ ನನ್ನ ಕೈ ಹೋದದ್ದು
ಇದಽ ಮೊದಲು.

ಎಷ್ಟು ಬೆರಳು ಒತ್ತಿದರು
ನಾ ಹೇಳೂದಿಲ್ಲ.
ಭರಣಿ ತೊಳೀಬೇಕು. ನಾಳೆ ಸೋಮವಾರ.